ಒಂದು ಆರ್ಕಿಡ್ ಗಿಡದ ಶುಶ್ರೂಷೆ

ಪೇಟೆಯಿಂದ ಹೂಗಿಡವನ್ನು ಕೊಂಡುತರುವ ಅಭ್ಯಾಸವು ನಮ್ಮ ಕರಾವಳಿಯ ಗೃಹಸ್ಥರಲ್ಲಿ ಈಚೆಗೆ ದಿನೇ ದಿನೇ ಹೆಚ್ಚುತ್ತಲಿರುವುದು. ಪೂರ್ವದಲ್ಲಿ ಹೀಗಿರಲಿಲ್ಲ. ದಾಸವಾಳದ ಗೆಲ್ಲನ್ನು ನೆರೆಮನೆಯಿಂದ ಮುರಿದು ತಂದು ಊರುತ್ತಿದ್ದರು; ಮಲ್ಲಿಗೆಯ ಬಳ್ಳಿಯು ತವರುಮನೆಯಿಂದ ಬರುತ್ತಿದ್ದಿತು; ಹೆಮ್ಮಾಡಿಯ ಸೇವಂತಿಗೆಯಾದರೋ ಮಕರಸಂಕ್ರಾಂತಿಯಲ್ಲಿ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಸನ್ನಿಧಿಗೆ ಸಲ್ಲಲೆಂದೇ ಗದ್ದೆಗಳಲ್ಲಿ ಬೆಳೆಯುತ್ತಿದ್ದಿತು, ಇಂದಿಗೂ ಬೆಳೆಯುತ್ತಿರುವುದು. ಹೂವಿಗೆ ಬೆಲೆಯುಂಟು, ಗಿಡಕ್ಕೆ ಬೆಲೆಯಿಲ್ಲವೆಂಬುದೇ ಆಗಿನ ಲೋಕರೂಢಿ. ಈಗ ಬ್ರಹ್ಮಾವರದಿಂದ ಕುಂದಾಪುರವನ್ನು ಹಾದು ಬೈಂದೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಿನಲ್ಲಿ ಹಸುರು ಬಲೆಯ ಚಪ್ಪರ ಹಾಕಿ, ದೇಶಾಂತರದ ಗಿಡಗಳನ್ನು ಸಾಲಾಗಿ ಜೋಡಿಸಿ ಮಾರುವವರು ಅಲ್ಲಲ್ಲಿ ಕಾಣಸಿಗುವರು. ಅವುಗಳಲ್ಲಿ ಎಲ್ಲರ ಕಣ್ಣನ್ನೂ ಮೊದಲು ಸೆಳೆಯತಕ್ಕುದು ಆರ್ಕಿಡ್. ಸೆಳೆದು, ಮನೆಗೆ ಬಂದು, ಎರಡು ತಿಂಗಳೊಳಗಾಗಿ ಸಾಯತಕ್ಕುದೂ ಹೆಚ್ಚಾಗಿ ಅದೇ. ಅಂತಹದೊಂದು ಗಿಡವು ನಮ್ಮ ಮನೆಗೆ ಬಂದು ಮರಣೋನ್ಮುಖವಾದ ಬಗೆಯನ್ನೂ, ಅದನ್ನು ಉಳಿಸಿಕೊಳ್ಳಲು ನಾವು ಪಟ್ಟ ಪಾಡನ್ನೂ ಬರೆದರೆ ಇತರ ಗೃಹಸ್ಥರಿಗೆ ಉಪಯೋಗವಾದೀತೆಂದು ಈ ಲೇಖನಕ್ಕೆ ಕೈಯಿಕ್ಕಿರುವೆವು.

ಕಳೆದ ಮೇ ತಿಂಗಳಲ್ಲಿ ಬೆಂಗಳೂರಿನಿಂದ ನಮ್ಮ ಮಗಳೂ ಒಂಬತ್ತು ವರ್ಷದ ಮೊಮ್ಮಗಳೂ ರಜೆಗೆ ಬಂದಿದ್ದರು. ಒಂದು ದಿನ ಬ್ರಹ್ಮಾವರಕ್ಕೆ ಹೋಗಿ ಹಿಂತಿರುಗುವಾಗ ಹೆದ್ದಾರಿಯ ಒಂದು ಗಿಡದಂಗಡಿಯ ಮುಂದೆ ಹುಡುಗಿಯು ನಿಂತುಬಿಟ್ಟಳು. ಬಿಳಿಯ ಹೂಗಳು ಏಳು, ಒಂದೇ ಕಡ್ಡಿಯಲ್ಲಿ, ಪಾತರಗಿತ್ತಿಗಳು ಸಾಲಾಗಿ ಕುಳಿತಂತೆ. ಬೆಲೆ ಆರುನೂರು ರೂಪಾಯಿ. ನಾವು ಮುಂದೆ ನಡೆದೆವು. ಅವಳು ನಡೆಯಲಿಲ್ಲ. ಕೊನೆಗೆ, ಬಂಧುಗಳು ಹಬ್ಬಹರಿದಿನಗಳಲ್ಲಿ ಕೈಯಲ್ಲಿಟ್ಟುದನ್ನು ಕೂಡಿಸಿಟ್ಟ ತನ್ನ ದುಡ್ಡಿನ ಡಬ್ಬಿಯಿಂದ ಕೊಡುವೆನೆಂದು ಹೇಳಿ, ಮನೆಗೆ ಬಂದವಳೇ ಎಣಿಸಿ ಕೊಟ್ಟಳು. ಜೂನ್ ತಿಂಗಳ ಮೊದಲಲ್ಲಿ ಶಾಲೆ ತೆರೆಯಿತೆಂದು ಬೆಂಗಳೂರಿಗೆ ಹೊರಡುವಾಗ ಗಿಡವನ್ನು ನಮ್ಮ ವಶಕ್ಕೆ ಒಪ್ಪಿಸಿ, "ಅಜ್ಜಯ್ಯ, ಇದು ನಿಮ್ಮದಲ್ಲ, ನನ್ನದು. ನೀವು ನೋಡಿಕೊಳ್ಳುವುದು ಮಾತ್ರ" ಎಂದಳು. ನ್ಯಾಸವೆಂದರೇನೆಂಬುದನ್ನು ಧರ್ಮಶಾಸ್ತ್ರದಲ್ಲಿ ಓದಿದ ನಮಗೆ ಅದರ ಭಾರವು ತಿಳಿದುದು ಆಮೇಲೆ.

ಅಂಗಡಿಯವರು ದಿನವೂ ನೀರು ಹಾಕಬೇಕೆಂದಿದ್ದರು. ನಾವು ದಿನವೂ ಹಾಕಿದೆವು. ಮಿಥುನಮಾಸದ ಮಳೆ ಹಿಡಿದಿತ್ತು, ಗೋಡೆಗಳೇ ಬೆವರುತ್ತಿದ್ದುವು, ಒಣಗಹಾಕಿದ ಪಂಚೆಯು ಮೂರು ದಿನವಾದರೂ ಒಣಗುತ್ತಿರಲಿಲ್ಲ. ಆದರೂ ನಾವು ಬೆಳಗಾಗುತ್ತಲೆ ಸ್ನಾನ ಮುಗಿಸಿ ಒಂದು ಚೊಂಬು ನೀರನ್ನು ತಪ್ಪದೆ ಎರೆಯುತ್ತಿದ್ದೆವು. ಹೂಗಳು ಒಂದೊಂದಾಗಿ ಉದುರಿದುವು. ಅದು ಸಹಜವೆಂದುಕೊಂಡೆವು. ಕೆಳಗಣ ಎಲೆ ಹಳದಿಯಾಯಿತು. ಮೇಲಣ ಎಲೆಗಳು ಬಿಸಿಲಿಗೆ ಬಾಡಿದ ಬಾಳೆಲೆಯಂತೆ ಜೋತುಬಿದ್ದು ಸುಕ್ಕುಗಟ್ಟಿದುವು. ಬಾಯಾರಿಕೆಯೆಂದು ಬಗೆದು ಸಂಜೆಯೂ ಒಂದು ಚೊಂಬು ನೀರೆರೆಯತೊಡಗಿದೆವು.

ಪ್ರತಿ ಭಾನುವಾರ ದೂರವಾಣಿಯಲ್ಲಿ ಹುಡುಗಿಯ ಮೊದಲ ಪ್ರಶ್ನೆ, "ಅಜ್ಜಯ್ಯ, ನನ್ನ ಗಿಡ ಹೇಗಿದೆ?" ಎಂದು. "ಚೆನ್ನಾಗಿದೆ ಮಗೂ" ಎಂದೆವು. ಮುಂದಿನ ವಾರವೂ ಹಾಗೆಂದೆವು. ಅದರ ಮುಂದಿನ ವಾರವೂ. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವರು ನಾವು. ನಮ್ಮ ಮನೆಯವರು ಪಕ್ಕದಲ್ಲಿ ನಿಂತು ಕೇಳುತ್ತಿದ್ದರು, ಏನೂ ಹೇಳಲಿಲ್ಲ. ಹೇಳದೆ ಇದ್ದುದೇ ಹೆಚ್ಚಾಯಿತು.

ಗಿಡದ ರೋಗವನ್ನು ಕಂಡುಹಿಡಿದವರು ನಾವಲ್ಲ. ನೆರೆಮನೆಯ ಅಡಕೆತೋಟಕ್ಕೆ ಕೆಲಸಕ್ಕೆ ಬರುವ ವೃದ್ಧ ಹೆಂಗಸೊಬ್ಬಳು ಒಂದು ದಿನ ಮಳೆಗೆ ನಮ್ಮ ಜಗಲಿಯಲ್ಲಿ ನಿಂತವಳು, ಕುಂಡವನ್ನು ಕೈಯಲ್ಲಿ ಎತ್ತಿ ನೋಡಿ, ಮೂಸಿ, "ಮಾಷ್ಟ್ರೇ, ಇದಕ್ಕೆ ಬಾಯಾರ್ಕೆ ಅಲ್ಲ, ನೀರೇ ಹೆಚ್ಚಾಯ್ತ್ ಕಾಣಿ" ಎಂದಳು. ಅವಳಿಗೆ ಆರ್ಕಿಡ್ ಎಂಬ ಹೆಸರು ಗೊತ್ತಿರಲಿಲ್ಲ. ಆದರೆ ಗಾಳಿಗೆ ಮುರಿದುಬಿದ್ದ ಗೆಲ್ಲುಗಳಲ್ಲಿರುವ ಸೀತಾಳೆದಂಡೆಯನ್ನು ತಂದು ತನ್ನ ಮನೆಯ ಹಲಸಿನ ಮರಕ್ಕೆ ಬಾಳೆನಾರಿನಿಂದ ಕಟ್ಟಿ ಬೆಳೆಸಿದವಳು ಅವಳು. "ಅದಕ್ಕೆ ನಾನ್ ಒಂದ್ ದಿನವೂ ನೀರ್ ಹಾಕಲಿಲ್ಲ" ಎಂದುದು ಅವಳ ಎರಡನೆಯ ಮಾತು.

ಇಲ್ಲಿ ಸ್ವಲ್ಪ ನಿಂತು ಈ ಸಸ್ಯಜಾತಿಯ ಸ್ವಭಾವವನ್ನು ವಿಚಾರಿಸುವುದು ಅವಶ್ಯ. ನಮ್ಮ ಸೀತಾಳೆದಂಡೆಯೂ ಪೇಟೆಯ ಆರ್ಕಿಡ್ಡೂ ಒಂದೇ ಕುಟುಂಬದವು. ಮೊದಲ ಮಳೆಯ ಹೊತ್ತಿಗೆ ನರಿಯ ಬಾಲದಂತೆ ಜೋಲುವ ನಸುಗೆಂಪು ಹೂಗೊಂಚಲನ್ನು ಬಿಡುವ ಈ ಸಸ್ಯವನ್ನು ಅಸ್ಸಾಮಿನಲ್ಲಿ ಕಪೌ ಎಂದು ಕರೆಯುವರು; ಅಲ್ಲಿಯ ಹೆಂಗಸರು ಬಿಹು ಹಬ್ಬದಲ್ಲಿ ಅದನ್ನು ಮುಡಿದು ಕುಣಿಯುವರು. ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡನು ಕೊಚ್ಚಿಯಲ್ಲಿದ್ದಾಗ ಮಲಬಾರಿನ ವೈದ್ಯರ ನೆರವಿನಿಂದ ಸಿದ್ಧಪಡಿಸಿದ, 1678ರಿಂದ 1693ರ ವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ 'ಹೋರ್ಟಸ್ ಮಲಬಾರಿಕಸ್' ಎಂಬ ಗ್ರಂಥದಲ್ಲಿಯೂ ಇದರ ಚಿತ್ರವುಂಟು. ಅದರಲ್ಲಿ ಕೊಟ್ಟ ಮಲೆಯಾಳದ ಹೆಸರಿನ ಮೊದಲ ಭಾಗವು ಅಂಜಿಲಿ, ಎಂದರೆ ನಮ್ಮ ಹೆಬ್ಬಲಸು. ಯಾವ ಮರದ ಮೇಲೆ ಕಂಡರೋ ಆ ಮರದ ಹೆಸರನ್ನೇ ಇಟ್ಟರೆಂದು ತೋರುವುದು.

ಅಮರಕೋಶದ ವನೌಷಧಿವರ್ಗದಲ್ಲಿ ಮರದ ಮೇಲೆ ಬೆಳೆಯುವ ಸಸ್ಯಕ್ಕೆ ವಂದಾ ಎಂಬ ಹೆಸರುಂಟು. ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ಸಂಸ್ಕೃತಪಂಡಿತ ಸರ್ ವಿಲಿಯಂ ಜೋನ್ಸರು ಭಾರತದ ಸಸ್ಯಗಳನ್ನು ಕುರಿತು ಬರೆದ, ಅವರು ತೀರಿಕೊಂಡ ಮೇಲೆ 1795ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಒಂದು ಆರ್ಕಿಡ್ಡಿಗೆ ಈ ಹೆಸರನ್ನೇ ಕೊಟ್ಟರು. 1820ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞರು ಅದನ್ನು ಒಂದು ಇಡೀ ಕುಲಕ್ಕೆ ಹೆಸರನ್ನಾಗಿ ಸ್ಥಿರಪಡಿಸಿದರು. ಆದುದರಿಂದ ಇಂದು ಲಂಡನ್ನಿನಲ್ಲಾಗಲಿ ಟೋಕಿಯೋದಲ್ಲಾಗಲಿ ಹೂವಿನಂಗಡಿಗೆ ಹೋಗಿ 'ವಂದಾ' ಎಂದರೆ ಅವರಿಗೆ ತಿಳಿಯುವುದು. ನಮ್ಮ ಶಬ್ದವೆಂಬುದು ನಮಗೇ ಮರೆತಿರುವುದು. ಕೋಶದಲ್ಲಿ ಅದೇ ವರ್ಗದ ಇನ್ನೆರಡು ಪರ್ಯಾಯಗಳು ವೃಕ್ಷರುಹಾ, ವೃಕ್ಷಾದನೀ ಎಂಬವು: ಮರದ ಮೇಲೆ ಹುಟ್ಟುವುದು, ಮರವನ್ನು ತಿನ್ನುವುದು. ಈ ಎರಡನೆಯ ಹೆಸರು ಮಾವಿನ ಮರವನ್ನು ಹೀರಿ ಬಾಳುವ ಬಂದಣಿಕೆಗೆ ಸಲ್ಲುವುದಲ್ಲದೆ ಆರ್ಕಿಡ್ಡಿಗೆ ಸಲ್ಲದು. ಆರ್ಕಿಡ್ ಮರವನ್ನು ತಿನ್ನುವುದಿಲ್ಲ. ಮರದ ತೊಗಟೆಯನ್ನು ಅಪ್ಪಿ ಹಿಡಿದು, ಮಳೆಯ ನೀರನ್ನೂ ಗಾಳಿಯ ತೇವವನ್ನೂ ತೊಗಟೆಯ ಸಂದಿಯ ಕಸವನ್ನೂ ನಂಬಿ ಜೀವಿಸುವುದು. ಬಾಡಿಗೆ ಕೊಡದೆ ಜಗಲಿಯಲ್ಲಿ ಮಲಗುವ ಅತಿಥಿ. ಅಡುಗೆಮನೆಗೆ ಮಾತ್ರ ಕಾಲಿಡುವುದಿಲ್ಲ.

ಅದರ ಬೇರನ್ನು ನೋಡಿದರೆ ಸಮಸ್ತವೂ ತಿಳಿಯುವುದು. ಬೇರಿನ ನಡುವೆ ದಾರದಂತಹ ಗಟ್ಟಿಯಾದ ಎಳೆಯೊಂದಿದ್ದು, ಅದರ ಸುತ್ತಲೂ ಬೆಂಡಿನಂತಹ ಬಿಳಿಯ ಹೊದಿಕೆ ಇರುವುದು. ಒಣಗಿರುವಾಗ ಬೆಳ್ಳಿಯ ಬಣ್ಣ. ನೀರು ಬಿದ್ದ ಕೆಲವು ಕ್ಷಣಗಳಲ್ಲೇ ಅದನ್ನು ಹೀರಿ ಹಸುರಾಗುವುದು. ಹೀರಿದ ಮೇಲೆ ಗಾಳಿಯಾಡಿ ಮತ್ತೆ ಒಣಗಬೇಕು. ಒಣಗಲು ಅವಕಾಶವಿಲ್ಲದೆ ದಿನಗಟ್ಟಲೆ ನೀರಿನಲ್ಲಿಯೇ ನಿಂತರೆ ಬೇರಿಗೆ ಉಸಿರು ಕಟ್ಟಿ, ಹೊದಿಕೆಯು ಕೊಳೆತು, ಕೇವಲ ನಡುವಿನ ದಾರ ಉಳಿಯುವುದು. ಕೊಳೆತ ಬೇರು ನೀರನ್ನು ಹೀರಲಾರದು. ಹೀರದೆ ಹೋದರೆ ಎಲೆಗೆ ನೀರಿಲ್ಲ, ಎಲೆ ಬಾಡುವುದು. ಅಂದರೆ ನೀರಿಲ್ಲದೆ ಬಾಡಿದ ಗಿಡವೂ ನೀರು ಹೆಚ್ಚಾಗಿ ಬೇರು ಸತ್ತ ಗಿಡವೂ ಮೇಲಿನಿಂದ ಒಂದೇ ರೀತಿ ಕಾಣುವುವು. ನಮ್ಮ ಎರಡನೆಯ ಚೊಂಬು ಹಾಕಿದುದು ಈ ಭ್ರಾಂತಿಯಿಂದಲೇ. ಎಲೆಯನ್ನು ನೋಡಿ ಚಿಕಿತ್ಸೆ ಮಾಡಕೂಡದು; ಬೇರನ್ನು ನೋಡಿ ಮಾಡಬೇಕು.

ನಾವು ಕೊಂಡುದು ಫೆಲೆನಾಪ್ಸಿಸ್ ಎಂಬ ಕುಲದ ಮಿಶ್ರತಳಿ. ಪತಂಗದಂತೆ ತೋರುವುದೆಂದು ಆ ಗ್ರೀಕ್ ಹೆಸರಿನ ಅರ್ಥ. ಬ್ಲೂಮ್ ಎಂಬ ಪಂಡಿತನು 1825ರಲ್ಲಿ ಇಟ್ಟುದು. ಇಂತಹ ಗಿಡವು ಆರುನೂರು ರೂಪಾಯಿಗೆ ದೊರೆಯುವುದು ಹೇಗೆಂದು ನಮಗೆ ಆಶ್ಚರ್ಯವಿದ್ದಿತು. ಆರ್ಕಿಡ್ಡಿನ ಬೀಜವು ಧೂಳಿನಷ್ಟು ಸಣ್ಣದು, ಅದರಲ್ಲಿ ಮೊಳಕೆಗೆ ಬೇಕಾದ ಬುತ್ತಿಯೇ ಇಲ್ಲ. ಒಂದು ಬಗೆಯ ಶಿಲೀಂಧ್ರವು ಬಂದು ಉಣಿಸಿದರೆ ಮಾತ್ರ ಕಾಡಿನಲ್ಲಿ ಅದು ಮೊಳೆಯುವುದು. ಈ ಗುಟ್ಟನ್ನು 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ ಕಂಡುಹಿಡಿದರು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಎಂಬವರು ಸಕ್ಕರೆ ಬೆರೆಸಿದ ಹೆಪ್ಪಿನ ಮೇಲೆ ಶಿಲೀಂಧ್ರದ ಹಂಗಿಲ್ಲದೆಯೇ ಮೊಳೆಯಿಸಿ ತೋರಿಸಿದರು. 1960ರಲ್ಲಿ ಜಾರ್ಜ್ ಮೊರೆಲ್ ಎಂಬ ಇನ್ನೊಬ್ಬ ಫ್ರೆಂಚ್ ವಿಜ್ಞಾನಿಯು ಕುಡಿಯ ಕಣದಿಂದ ಒಂದೇ ತೆರನಾದ ಗಿಡಗಳನ್ನು ಅಸಂಖ್ಯವಾಗಿ ಬೆಳೆಸುವ ಮಾರ್ಗವನ್ನು ತೆರೆದರು. ರಾಜಮಹಾರಾಜರ ಗಾಜಿನ ಮನೆಗಳಲ್ಲಿದ್ದ ಹೂವು ಹೆದ್ದಾರಿಯ ಬದಿಗೆ ಬಂದುದು ಹೀಗೆ.

ಆದರೆ ಕಾರ್ಖಾನೆಯಂತಹ ಆ ತೋಟಗಳಲ್ಲಿ ಗಿಡವನ್ನು ನೆಡುವ ರೀತಿಯು ಸಾಗಿಸುವವರ ಅನುಕೂಲಕ್ಕೆ ತಕ್ಕುದೇ ಹೊರತು ನಮ್ಮ ಮಳೆಗಾಲಕ್ಕೆ ತಕ್ಕುದಲ್ಲ. ಸ್ಫ್ಯಾಗ್ನಮ್ ಎಂಬ ಪಾಚಿಯನ್ನು ಒಣಗಿಸಿ, ಬೇರಿನ ಸುತ್ತ ಗಿಡಿದು ತುಂಬಿರುವರು. ಅದು ತನ್ನ ಒಣ ತೂಕದ 15 ಪಾಲಿಗೂ ಮಿಕ್ಕಿದ ನೀರನ್ನು ಹಿಡಿದಿಡಬಲ್ಲುದು. ದೂರದ ಊರಿಗೆ ಲಾರಿಯಲ್ಲಿ ಹೋಗುವಾಗ ಗಿಡ ಒಣಗದಿರಲು ಅದು ಒಳ್ಳೆಯ ಉಪಾಯ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ, ಅದರ ಬಹುಭಾಗವು ನಾಲ್ಕೇ ತಿಂಗಳಲ್ಲಿ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಅದು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಲಗಿಸಿದಂತೆಯೇ ಸರಿ. ಸಾಲದುದಕ್ಕೆ, ಚಂದಕ್ಕೆಂದು ಹೊರಗೆ ತೂತಿಲ್ಲದ ಪಿಂಗಾಣಿಯ ಕುಂಡವೊಂದಿದ್ದಿತು. ಒಳಗಣ ಕುಂಡವನ್ನು ಎತ್ತಿ ನೋಡಿದಾಗ ಪಿಂಗಾಣಿಯ ತಳದಲ್ಲಿ ನಾಲ್ಕು ಬೆರಳು ನೀರು ನಿಂತಿದ್ದಿತು; ಅದರಲ್ಲಿ ಸೊಳ್ಳೆಯ ಮರಿಗಳು ಆಡುತ್ತಿದ್ದುವು.

ಕುಂಡ ಬದಲಾಯಿಸುವುದು ಸಾಮಾನ್ಯವಾಗಿ ಹೂವಿನ ಕಾಲ ಮುಗಿದು ಹೊಸ ಬೇರು ಹೊರಡುವ ಸಮಯದಲ್ಲಿ ಮಾಡತಕ್ಕ ಕೆಲಸ. ಆದರೆ ಬೇರು ಕೊಳೆಯುತ್ತಿರುವಾಗ ಕಾಲವನ್ನು ಕಾಯತಕ್ಕುದಲ್ಲ. ಆಸಾಡಿಯ ಒಂದು ಬೆಳಗ್ಗೆ ಚಾವಡಿಯಲ್ಲಿ ಹಳೆಯ ಪತ್ರಿಕೆಯನ್ನು ಹಾಸಿ ಕುಳಿತೆವು. ಮನೆಯವರು ಕತ್ತರಿಯನ್ನು ಒಲೆಯ ಉರಿಯಲ್ಲಿ ಕಾಯಿಸಿ ತಂದರು. ಕತ್ತರಿಯನ್ನು ಸುಡುವುದು ಮುಖ್ಯ. ಒಂದು ಗಿಡದ ರೋಗವು ಇನ್ನೊಂದಕ್ಕೆ ಹರಡುವುದು ಹೆಚ್ಚಾಗಿ ನಮ್ಮ ಕೈಯಿಂದಲೇ, ನಮ್ಮ ಹತ್ಯಾರಿನಿಂದಲೇ. ಪ್ಲಾಸ್ಟಿಕ್ಕಿನ ಕುಂಡವನ್ನು ಬೆರಳಿನಿಂದ ಅಮುಕಿ ಸಡಿಲಿಸಿ ಗಿಡವನ್ನು ಮೆಲ್ಲನೆ ಹೊರತೆಗೆದು, ಪಾಚಿಯನ್ನು ಎಳೆಎಳೆಯಾಗಿ ಬಿಡಿಸಿದೆವು. ನಡುವೆ ಸಸಿಯಾಗಿದ್ದಾಗಲೇ ನೆಟ್ಟಿದ್ದ ಸಣ್ಣದೊಂದು ಬಲೆಯ ಬಟ್ಟಲು ಹಾಗೆಯೇ ಉಳಿದಿದ್ದಿತು. ಅದರೊಳಗಿನ ಪಾಚಿ ಕರಿಯ ಕೆಸರಾಗಿದ್ದು, ದುರ್ಗಂಧವು ಅಲ್ಲಿಂದಲೇ ಹೊರಟಿದ್ದುದು. ಇದನ್ನು ತೆಗೆಯದೆ ಹೊರಗಣ ಪಾಚಿಯನ್ನಷ್ಟೇ ಬದಲಿಸಿದವರು ಪುನಃ ಮೋಸಹೋಗುವರು.

ಒಟ್ಟು ಹದಿನಾಲ್ಕು ಬೇರು. ಒಂದೊಂದನ್ನೂ ಎರಡು ಬೆರಳಿನ ನಡುವೆ ಒತ್ತಿ ನೋಡಿದೆವು. ಗಟ್ಟಿಯಾಗಿದ್ದರೆ ಜೀವಂತ, ಬಣ್ಣ ಯಾವುದಾದರೂ ಆಗಲಿ. ಪಾಚಿಯೊಳಗೆ ಬೆಳಕು ಕಾಣದೆ ಬಿಳಿಚಿಕೊಂಡ ಬೇರು ಸತ್ತ ಬೇರಲ್ಲ. ಮೆತ್ತಗೆ ಕುಗ್ಗಿ ನೀರು ಜಿನುಗಿದರೆ, ಹೊದಿಕೆಯು ಒರೆಯಂತೆ ಜಾರಿ ದಾರ ಕೈಗೆ ಬಂದರೆ, ಅದು ಸತ್ತುದು. ಸತ್ತುದನ್ನು ಗಟ್ಟಿಯಾದ ಭಾಗದ ವರೆಗೆ ಕತ್ತರಿಸಬೇಕು. ಹೀಗೆ ಕತ್ತರಿಸುತ್ತ ಹೋದಾಗ ಉಳಿದುವು ಮೂರೇ. ಅದರಲ್ಲಿಯೂ ಒಂದು ಮೊಂಡು. ಹೂವಿನ ಕಡ್ಡಿ ಇನ್ನೂ ಹಸುರಾಗಿದ್ದಿತು. ಅದನ್ನೂ ಬುಡದಲ್ಲಿ ಕತ್ತರಿಸಿದೆವು. ಮೂರು ಬೇರಿನ ಗಿಡದಿಂದ ಹೂವನ್ನು ಬಯಸುವುದು ಕಾಯಿಲೆಯ ಹಸುವಿನ ಹಾಲು ಕರೆದಂತೆ. ಮನೆಯವರು ಕಡ್ಡಿಯನ್ನು ಎಸೆಯಲಿಲ್ಲ. ಒಂದು ಲೋಟದಲ್ಲಿ ನೀರು ಹಾಕಿ ದೇವರ ಕೋಣೆಯ ಕಿಟಕಿಯಲ್ಲಿಟ್ಟರು. ಅದರಲ್ಲಿ ಹೂವೊಂದೂ ಇರಲಿಲ್ಲ.

ಗಿಡದ ನಡುಸುಳಿಯನ್ನೂ ನೋಡಬೇಕು. ಸುಳಿಯು ನೀರುನೀರಾಗಿ ಕೊಳೆತು ನಾರುತ್ತಿದ್ದರೆ ಮುಂದಿನ ಶ್ರಮವು ಹೆಚ್ಚಾಗಿ ವ್ಯರ್ಥ. ಅಂತಹದನ್ನು ಇತರ ಗಿಡಗಳಿಂದ ದೂರ ಒಯ್ದು ಬಿಡುವುದೇ ಲೇಸು. ನಮ್ಮದರಲ್ಲಿ ಸುಳಿ ಗಟ್ಟಿಯಾಗಿದ್ದಿತು. ಕತ್ತರಿಸಿದ ಗಾಯಗಳಿಗೆ ದಾಲ್ಚಿನ್ನಿಯ ಹುಡಿಯನ್ನು ಹಚ್ಚಿದೆವು. ಅದು ಬೂಷ್ಟನ್ನು ತಡೆಯುವುದು. ಆದರೆ ತುಂಬ ಒಣಗಿಸುವ ವಸ್ತುವಾದುದರಿಂದ ಗಾಯಕ್ಕೆ ಮಾತ್ರ ತಗಲಬೇಕು, ಒಳ್ಳೆಯ ಬೇರಿಗೆ ತಗಲಬಾರದು. ಅರಸಿನವೇ ಉತ್ತಮವೆಂದು ಮನೆಯವರ ಮತ. ಒಂದು ಬೇರಿಗೆ ಅವರ ಸಮಾಧಾನಕ್ಕಾಗಿ ಅದನ್ನೇ ಹಚ್ಚಿದೆವು. ಫಲದಲ್ಲಿ ಭೇದವೇನೂ ಕಾಣಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುವೆವು. ತರುವಾಯ ಗಾಯ ಒಣಗುವಂತೆ ಒಂದು ಹಗಲು ಒಂದು ರಾತ್ರಿ ನೆರಳಿನಲ್ಲಿ, ಕುಂಡವಿಲ್ಲದೆ, ಪತ್ರಿಕೆಯ ಮೇಲೆ ಮಲಗಿಸಿದೆವು. ಬೇರನ್ನು ಹೊರಗೆ ಚಾಚಿ ಮಲಗಿದ ಆ ಗಿಡವನ್ನು ನೋಡಿ ನಮಗೆ ಊಟ ಸೇರಲಿಲ್ಲ.

ಹೊಸ ಕುಂಡಕ್ಕೆ ತುಂಬತಕ್ಕ ಸಾಮಗ್ರಿಯನ್ನು ಪೇಟೆಯಲ್ಲಿ ಪೊಟ್ಟಣ ಕಟ್ಟಿ ಮಾರುವರು. ಅದು ಹೊರದೇಶದ ಮರದ ತೊಗಟೆ. ನಮ್ಮ ಊರಿನಲ್ಲಿ ಅದರ ಅವಶ್ಯಕತೆ ಸುತರಾಂ ಇಲ್ಲ. ಮಾಡು ಹೊದೆಸಿ ಉಳಿದ ಒಡೆದ ಹಂಚಿನ ಚೂರು, ಕಟ್ಟಿಗೆಯ ಇದ್ದಲು, ತೆಂಗಿನ ಸಿಪ್ಪೆಯ ತುಂಡು, ಈ ಮೂರೂ ಹಿತ್ತಿಲಿನಲ್ಲಿ ದೊರೆಯುವುವು. ಹಂಚಿನ ಚೂರು ಒಂದಿಷ್ಟು ನೀರನ್ನು ಹೀರಿ ನಿಧಾನವಾಗಿ ಬಿಡುವುದು, ಇದ್ದಲು ಕೊಳೆಯುವುದಿಲ್ಲ, ಸಿಪ್ಪೆಯು ತೇವ ಹಿಡಿಯುವುದು. ಮಳೆಗಾಲದ ಗಿಡಕ್ಕೆ ಮೊದಲೆರಡೇ ಹೆಚ್ಚಿರಲಿ, ಸಿಪ್ಪೆ ಕಡಿಮೆಯಿರಲಿ. ಆದರೆ ಸಿಪ್ಪೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹೊಳೆಯ ಹಿನ್ನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯನ್ನು ಆರ್ಕಿಡ್ಡಿಗೆ ಎಂದಿಗೂ ಬಳಸಕೂಡದು. ಅದರ ನಾರಿನೊಳಗೆ ಉಪ್ಪು ನೆಲೆನಿಂತಿರುವುದು, ಆರ್ಕಿಡ್ಡಿನ ಬೇರಿಗೆ ಉಪ್ಪೆಂದರೆ ಆಗದು. ಮನೆಯಲ್ಲಿ ಸುಲಿದ ಸಿಪ್ಪೆಯನ್ನೇ ಹೆಬ್ಬೆರಳುಗಾತ್ರದ ತುಂಡು ಮಾಡಿ, ಒಂದು ವಾರ ಸಿಹಿನೀರಿನಲ್ಲಿ ನೆನೆಯಿಟ್ಟು, ದಿನವೂ ನೀರನ್ನು ಚೆಲ್ಲಿ, ಕೆಂಪು ಚೊಗರು ಹೋಗುವ ತನಕ ತೊಳೆಯಬೇಕು. ಇದೇ ಕಾರಣದಿಂದ, ಕಡಲ ಹತ್ತಿರದ ಬಾವಿಗಳ ನೀರು ವೈಶಾಖದಲ್ಲಿ ಸವಳಾಗುವ ಊರುಗಳವರು ಮಳೆನೀರನ್ನು ಹಿಡಿದಿಟ್ಟುಕೊಂಡರೆ ಒಳ್ಳೆಯದು.

ಮಣ್ಣನ್ನು ಮಾತ್ರ ಒಂದು ಹಿಡಿಯೂ ಹಾಕಬಾರದು. ಬಂಧುಗಳೊಬ್ಬರು ಗೊಬ್ಬರದ ಕೆಮ್ಮಣ್ಣಿನಲ್ಲಿ ನೆಡಿರೆಂದರು. ಇನ್ನೊಬ್ಬರು ಸೆಗಣಿಯ ನೀರನ್ನೂ, ಮತ್ತೊಬ್ಬರು ಸಕ್ಕರೆಯ ನೀರನ್ನೂ ಹೇಳಿದರು. ವಾರಕ್ಕೆ ಮೂರು ಮಂಜುಗಡ್ಡೆಯ ತುಂಡನ್ನು ಇಟ್ಟರೆ ಸಾಕೆಂದವರೂ ಉಂಟು. ಚಳಿದೇಶದ ಮನೆಗಳಲ್ಲಿ ನೀರು ಹೆಚ್ಚಾಗದಂತೆ ಅಳತೆಗಾಗಿ ಹೂಡಿದ ಯುಕ್ತಿಯದು. ಮಂಜುಗಡ್ಡೆಯಲ್ಲಿ ವಿಶೇಷ ಗುಣವೇನೂ ಇಲ್ಲ. ರೋಗಿಯ ಮನೆಗೆ ಬಂದವರೆಲ್ಲ ವೈದ್ಯರಾಗುವುದು ಮನುಷ್ಯರ ವಿಷಯದಲ್ಲಿ ಮಾತ್ರವೆಂದು ನಾವು ತಿಳಿದಿದ್ದೆವು. ನಿಜವಾಗಿ ಸಂಶಯ ಬಂದವರಿಗೆ ಬ್ರಹ್ಮಾವರದಲ್ಲಿ ಕೃಷಿ ವಿಜ್ಞಾನ ಕೇಂದ್ರವುಂಟು; ರೋಗದ ಎಲೆಯನ್ನೋ ಬೇರನ್ನೋ ಒಯ್ದು ತಿಳಿದವರನ್ನು ಕೇಳಬಹುದು.

ಕುಂಡವು ಮಣ್ಣಿನದಾಗಿ, ತಳದಲ್ಲಿಯೂ ಪಕ್ಕಗಳಲ್ಲಿಯೂ ತೂತುಗಳಿರತಕ್ಕುದು. ದೊಡ್ಡ ಕುಂಡವನ್ನು ಆರಿಸುವುದು ಎಲ್ಲರೂ ಮಾಡುವ ತಪ್ಪು. ಉಳಿದ ಬೇರುಗಳಷ್ಟನ್ನೇ ಹಿಡಿಸುವ ಸಣ್ಣ ಕುಂಡ ಸಾಕು, ಏಕೆಂದರೆ ಬೇರಿಲ್ಲದ ಜಾಗದ ತೇವವು ಒಣಗದೆ ಕೊಳೆಗೆ ಕಾರಣವಾಗುವುದು. ತಳದಲ್ಲಿ ದೊಡ್ಡ ಹಂಚಿನ ಚೂರು. ಅದರ ಮೇಲೆ ಗಿಡವನ್ನು ಹಿಡಿದು ಬೇರನ್ನು ಹರಡಿ, ಸುತ್ತ ಇದ್ದಲೂ ಸಣ್ಣ ಚೂರೂ ಸಿಪ್ಪೆಯೂ ಬೆರೆಸಿದ್ದನ್ನು ಸಡಿಲವಾಗಿ ತುಂಬಿದೆವು. ಎಲೆಯ ಬುಡ ಹೂತುಹೋಗಬಾರದು. ಗಿಡವನ್ನು ನೆಟ್ಟಗೆ ನಿಲ್ಲಿಸದೆ ಒಂದು ಕಡೆಗೆ ತುಸು ವಾಲಿಸಿದೆವು. ಕಾಡಿನಲ್ಲಿ ಇದು ಮರದ ಕಾಂಡಕ್ಕೆ ಅಂಟಿ ಪಕ್ಕಕ್ಕೆ ಬಾಗಿರುವುದು. ಆದುದರಿಂದಲೇ ಎಷ್ಟು ಮಳೆ ಹೊಯ್ದರೂ ಸುಳಿಯಲ್ಲಿ ನೀರು ನಿಲ್ಲುವುದಿಲ್ಲ. ಕೊನೆಗೆ ಬಿದಿರಿನ ಕಡ್ಡಿಯೊಂದನ್ನು ನೆಟ್ಟು ಬಾಳೆನಾರಿನಿಂದ ಗಿಡವನ್ನು ಅಲುಗಾಡದಂತೆ ಕಟ್ಟಿದೆವು. ಇದನ್ನು ಕ್ಷುಲ್ಲಕವೆಂದು ಎಣಿಸಬೇಡಿರಿ. ಬೇರಿಲ್ಲದ ಗಿಡ ಗಾಳಿಗೆ ಅಲುಗಿದಷ್ಟು ಸಲವೂ ಹೊಸ ಬೇರಿನ ಎಳೆಯ ತುದಿಯು ಚೂರಿಗೆ ತಾಗಿ ಮುರಿಯುವುದು.

ಅನಂತರದ ಶುಶ್ರೂಷೆಯೆಂದರೆ ಬಹುಮಟ್ಟಿಗೆ ಸುಮ್ಮನಿರುವುದು. ಪೂರ್ವದ ಜಗಲಿಯಲ್ಲಿ, ಮಾಡಿನ ಕೆಳಗೆ, ಆದರೆ ಮಾಡಿನ ಅಂಚಿನಿಂದ ಹನಿ ಬೀಳುವಲ್ಲಿಂದ ಒಳಗೆ, ಬೆಳಕಿದ್ದು ಬಿಸಿಲಿಲ್ಲದ ಸ್ಥಳದಲ್ಲಿಟ್ಟೆವು. ತಣ್ಣನೆಯ ಒಣ ದೇಶಗಳಲ್ಲಿ ಇಂತಹ ರೋಗಿಯನ್ನು ಪಾರದರ್ಶಕವಾದ ಚೀಲದಲ್ಲಿ ತೇವದ ಪಾಚಿಯೊಡನೆ ಮುಚ್ಚಿಡುವ ಕ್ರಮವುಂಟು. ನಮ್ಮ ಆಸಾಡಿಯ ಗಾಳಿಯೇ ಅಂತಹ ಚೀಲ. ನೀರು ಹತ್ತು ದಿನಕ್ಕೊಮ್ಮೆ, ಅದೂ ಬೆಳಗ್ಗೆ, ಬೇರಿನ ಬಣ್ಣ ಬೆಳ್ಳಿಯಾದರೆ ಮಾತ್ರ. ಚಳಿಗಾಲದಲ್ಲಿ ವಾರಕ್ಕೊಂದೆರಡು ಸಲ. ಬೇಸಗೆಯಲ್ಲಿ ಎರಡು ಮೂರು ದಿನಗಳಿಗೊಮ್ಮೆ ಬೇಕಾಗುವುದು. ಗೊಬ್ಬರವು ಹೊಸ ಬೇರು ಬರುವ ತನಕ ನಿಷಿದ್ಧ. ಬಂದ ಮೇಲೆಯೂ ಪೊಟ್ಟಣದಲ್ಲಿ ಹೇಳಿದ ಪ್ರಮಾಣದ ಕಾಲು ಪಾಲಷ್ಟೆ. ಹೊಸದಾಗಿ ಕೊಂಡ ಗಿಡವನ್ನು ಮೂರು ನಾಲ್ಕು ವಾರ ಇತರ ಗಿಡಗಳಿಂದ ಬೇರೆಯಿಡುವುದು ಉಚಿತ. ಎಲೆಯ ಕಂಕುಳಲ್ಲಿ ಹತ್ತಿಯಂತಹ ಹಿಟ್ಟುತಿಗಣೆ ಅಡಗಿರುವುದುಂಟು. ಮಳೆಗಾಲದ ರಾತ್ರಿಗಳಲ್ಲಿ ಬಸವನಹುಳು ಬಂದು ಎಳೆಯ ಬೇರಿನ ತುದಿಯನ್ನೇ ಆರಿಸಿ ತಿನ್ನುವುದು. ನಾವು ಹದಿನೈದು ದಿನ ಮಲಗುವ ಮುನ್ನ ದೀಪ ಹಿಡಿದು ಅದನ್ನು ಹುಡುಕಿದೆವು.

ಏಳು ವಾರ ಏನೂ ಆಗಲಿಲ್ಲ. ಕೆಳಗಣ ಎಲೆಗಳೆರಡು ಉದುರಿ, ಸುಕ್ಕುಗಟ್ಟಿದ ಎಲೆಗಳು ಎರಡೇ ಉಳಿದುವು. ಭಾನುವಾರಗಳು ಬರುತ್ತಲೇ ಇದ್ದುವು. ನಾವು "ಚೆನ್ನಾಗಿದೆ" ಎನ್ನುವುದನ್ನು ಬಿಟ್ಟು "ಇದೆ" ಎಂದಷ್ಟೇ ಹೇಳತೊಡಗಿದೆವು. ವ್ಯಾಕರಣದ ದೃಷ್ಟಿಯಿಂದ ಅದು ಸುಳ್ಳಲ್ಲ.

ಚೌತಿಗೆ ಮಗಳೂ ಮೊಮ್ಮಗಳೂ ಬಂದರು. ಬಸ್ಸಿನಿಂದ ಇಳಿದವಳು ಕಾಲು ತೊಳೆಯದೆಯೇ ಜಗಲಿಗೆ ಓಡಿದಳು. ನಾವು ಹಿಂದಿನಿಂದ ಹೋಗಿ ನಿಂತೆವು. ಎರಡು ಎಲೆಯ ಮೊಂಡುಗಿಡವನ್ನು ಅವಳು ಬಹಳ ಹೊತ್ತು ನೋಡಿದಳು. ನಡೆದುದನ್ನೆಲ್ಲ ಮೊದಲಿನಿಂದ ಹೇಳಿದೆವು: ಚೊಂಬು ನೀರು, ಎರಡನೆಯ ಚೊಂಬು, ಭಾನುವಾರಗಳು. ಅಳುವಳೆಂದು ಭಾವಿಸಿದ್ದೆವು. ಅಳಲಿಲ್ಲ. "ಹೂ ಬಿದ್ದರೆ ಬೀಳಲಿ ಅಜ್ಜಯ್ಯ, ಫೋನಿನಲ್ಲಿ ಹೇಳಬಹುದಿತ್ತಲ್ಲ" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಬಗ್ಗಿ, ಎಲೆಯ ಬುಡದಲ್ಲಿ ಬೆರಳಿಟ್ಟು, ಇದೇನೆಂದು ಕೇಳಿದಳು. ಕನ್ನಡಕ ಹಾಕಿ ನೋಡಿದೆವು. ಅಕ್ಕಿಕಾಳಿನಷ್ಟು ದೊಡ್ಡದಾದ, ಹಸುರು ತುದಿಯ ಒಂದು ಮೊಳಕೆ: ಹೊಸ ಬೇರು. ಬೆಳಗ್ಗೆ ನೀರು ಹಾಕುವಾಗ ನಮಗೆ ಅದು ಕಂಡಿರಲಿಲ್ಲ.

ತೋಟದ ಆ ವೃದ್ಧೆಯನ್ನು ಕರೆದು ತೋರಿಸಿದೆವು. ಅವಳು ಮೊಮ್ಮಗಳನ್ನು ಕರೆದುಕೊಂಡು ಹೋಗಿ ತನ್ನ ಹಲಸಿನ ಮರದ ಸೀತಾಳೆದಂಡೆಯನ್ನು ತೋರಿಸಿದಳು. ಹೂವಿನ ಕಾಲ ಮುಗಿದಿದ್ದಿತು, ಎಲೆಯೂ ಬೇರೂ ಇದ್ದುವು. ಒಂದು ತುಂಡನ್ನು ಕೊಡಬಹುದೇ ಎಂದು ಹುಡುಗಿ ಕೇಳಿದುದಕ್ಕೆ, ಬರುವ ಮಳೆಗೆ ಗೆಲ್ಲು ಬಿದ್ದರೆ ಕೊಡುವೆನೆಂದಳು. ಮರದಿಂದ ಕಿತ್ತು ಕೊಡಲಿಲ್ಲ. ಇದನ್ನು ಇಲ್ಲಿ ಬರೆಯುವುದಕ್ಕೆ ಕಾರಣವುಂಟು. ಕೊಲ್ಲೂರಿನ ಕಡೆಗೆ, ಕೊಡಚಾದ್ರಿಯ ಕಡೆಗೆ ಹೋದವರು ಮರದ ಮೇಲಿನ ಆರ್ಕಿಡ್ಡನ್ನು ಕಿತ್ತು ಕಾರಿನಲ್ಲಿ ತುಂಬಿಕೊಂಡು ಬರುವುದನ್ನು ನಾವೇ ಕಂಡಿರುವೆವು. ಮೂಕಾಂಬಿಕಾ ಅಭಯಾರಣ್ಯದಿಂದ ಗಿಡ ಕೀಳುವುದು ಕಾನೂನಿಗೆ ವಿರುದ್ಧ. ಅದಲ್ಲದೆ, ಹಾಗೆ ಕಿತ್ತು ತಂದ ಗಿಡವು ಬೇರು ಹರಿದು ಬಹುಮಟ್ಟಿಗೆ ಸಾಯುವುದು. ಧೂಳಿನಂತಹ ಬೀಜವು ತಕ್ಕ ಶಿಲೀಂಧ್ರವನ್ನು ಕೂಡಿಕೊಂಡು, ಮರದ ಮೇಲೆ ಹೂಬಿಡುವಷ್ಟು ಬೆಳೆಯಲು ವರ್ಷಗಳೇ ಬೇಕು. ಆಸೆಯಿದ್ದವರು ಪೇಟೆಯದನ್ನೇ ಕೊಳ್ಳಲಿ, ಆದರೆ ಹೂವನ್ನು ನೋಡಿ ಕೊಳ್ಳದಿರಲಿ. ಕುಂಡವನ್ನು ಎತ್ತಿ ಪಾರದರ್ಶಕವಾದ ಪಕ್ಕದಿಂದ 'ಬೇರನ್ನು ತೋರಿಸಿರಿ' ಎಂದು ಕೇಳಲಿ. ಬೇರು ಬೆಳ್ಳಗೋ ಹಸುರಾಗಿಯೋ ತುಂಬಿಕೊಂಡಿದ್ದರೆ, ಹೂವು ಮೂರೇ ಇದ್ದರೂ ಅದೇ ಒಳ್ಳೆಯ ಗಿಡ.

ನವರಾತ್ರಿಯ ಹೊತ್ತಿಗೆ ಬೇರು ನಾಲ್ಕಾದುವು. ಎಲೆಯ ಸುಕ್ಕು ಬಿಟ್ಟಿತು. ದೀಪಾವಳಿಗೆ ಸುಳಿಯಿಂದ ಹೊಸ ಎಲೆಯೊಂದು ಎದ್ದಿತು. ಕೆಲವು ವಾರಗಳ ಕಾಲ ರಾತ್ರಿಯ ಸೆಕೆ ಇಳಿದು ತಂಪಾದರೆ ಈ ಕುಲವು ಹೂವಿನ ಕಡ್ಡಿಯನ್ನು ಹೊರಡಿಸುವುದೆಂದು ತಿಳಿದವರು ಹೇಳುವರು. ನಮ್ಮ ಕರಾವಳಿಯಲ್ಲಿ ಅಂತಹ ತಂಪು ಧನುರ್ಮಾಸದಲ್ಲಿ ಮಾತ್ರ. ಈಗ ಧನುರ್ಮಾಸ. ಹೋದ ವಾರ ಎರಡನೆಯ ಎಲೆಯ ಕೆಳಗಿನಿಂದ ಏನೋ ಹೊರಟಿರುವುದು. ಬೇರಾಗಿದ್ದರೆ ತುದಿಯು ದುಂಡಗಿರಬೇಕು. ಹೂವಿನ ಕಡ್ಡಿಯಾಗಿದ್ದರೆ ತುದಿಯು ಚಪ್ಪಟೆಯಾಗಿ, ಮೇಲ್ಮುಖವಾಗಿ, ಹೆಬ್ಬೆರಳೊಂದು ಬೇರ್ಪಟ್ಟ ಕೈಗವಸಿನಂತೆ ಇರಬೇಕು. ಮನೆಯವರು ಕಡ್ಡಿಯೆನ್ನುವರು, ನಾವು ಬೇರೆನ್ನುವೆವು. ಬೆಳಗಾದರೆ ಇದೇ ವಾದ. ಹುಡುಗಿಗೆ ಚಿತ್ರ ತೆಗೆದು ಕಳುಹಿಸಿ, ಅಜ್ಜಿಗೂ ನಮಗೂ ಮತಭೇದವಿದೆ, ಇನ್ನೂ ಏನೆಂದು ಹೇಳಲಾಗದು ಎಂದು ಕೆಳಗೆ ಬರೆದೆವು. ಚಿತ್ರವು ಸ್ಪಷ್ಟವಾಗಿಲ್ಲ, ನಾಳೆ ಬೆಳಕಿನಲ್ಲಿ ಇನ್ನೊಂದು ತೆಗೆದು ಕಳುಹಿಸಿರೆಂದು ಉತ್ತರ ಬಂದಿರುವುದು.